ಮೊದಲ ಸಂಬಳದಿಂದ ಹಿಂದಕ್ಕೆ ಎಣಿಸೋಣ

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ವಿದ್ಯಾರ್ಥಿಗಳೇ, ಅವರ ಜೊತೆ ಬಂದಿರುವ ತಂದೆ ತಾಯಂದಿರೇ,

ಬಿ.ಕಾಂ., ಬಿ.ಬಿ.ಎ. ಮುಗಿಸುತ್ತಿರುವ ಮಕ್ಕಳು ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಫೈನಾನ್ಸ್‌ನಲ್ಲಿ ಮಾಸ್ಟರ್ಸ್ ಮಾಡಬೇಕೆಂದಿದ್ದೇವೆ, ಸೀಟು ಸಿಗುವ ಹಾಗಿದೆ, ಬ್ಯಾಂಕಿನವರೂ ಸಾಲ ಕೊಡುತ್ತೇವೆ ಎಂದಿದ್ದಾರೆ, ತೆಗೆದುಕೊಳ್ಳಬಹುದೇ? ಬ್ಯಾಂಕು ಒಪ್ಪಿತು ಎಂದರೆ ಅರ್ಧ ತೀರ್ಮಾನವಾದಂತೆ ಎಂಬ ಧೈರ್ಯ ಆ ದನಿಯಲ್ಲಿರುತ್ತದೆ. ಸಾಲದ ಅರ್ಜಿಗಳನ್ನು ಪರಿಶೀಲಿಸುವ ಮೇಜಿನ ಹಿಂದೆ ಕುಳಿತು ಕೆಲಸ ಮಾಡಿದವನಾಗಿ ಹೇಳುತ್ತೇನೆ, ಆ ಧೈರ್ಯಕ್ಕೆ ಆಧಾರವಿಲ್ಲ. ಬ್ಯಾಂಕು ನೋಡುವುದು ಕೊಟ್ಟ ಹಣ ಮರಳಿ ಬರುತ್ತದೆಯೇ ಎಂದು. ಅದು ನಿಮ್ಮ ಸಂಬಳದಿಂದ ಬಂದರೂ ಸರಿ, ತಂದೆಯ ನಿವೃತ್ತಿ ಹಣದಿಂದ ಬಂದರೂ ಸರಿ, ಅಡವಿಟ್ಟ ಮನೆಯಿಂದ ಬಂದರೂ ಸರಿ. ಈ ಮೂರರ ನಡುವಿನ ವ್ಯತ್ಯಾಸ ಬ್ಯಾಂಕಿಗೆ ದೊಡ್ಡದಲ್ಲ. ನಿಮಗೆ ಅದೇ ಎಲ್ಲವೂ.

ನನ್ನ ಮಾತಿನ ತಿರುಳು ಇಷ್ಟೇ. ಎಷ್ಟು ಸಾಲ ಮಾಡಬೇಕು ಎಂಬುದನ್ನು ಕಾಲೇಜಿನ ಶುಲ್ಕ ನಿರ್ಧರಿಸಬಾರದು. ಓದು ಮುಗಿದ ಮೇಲೆ ಕೈಗೆ ಬರಬಹುದಾದ ಮೊದಲ ಸಂಬಳ ನಿರ್ಧರಿಸಬೇಕು. ಶುಲ್ಕದಿಂದ ಮುಂದಕ್ಕೆ ಎಣಿಸಿದವರು ಕಷ್ಟಕ್ಕೆ ಸಿಕ್ಕಿದ್ದನ್ನು ಬಹಳ ನೋಡಿದ್ದೇನೆ. ಸಂಬಳದಿಂದ ಹಿಂದಕ್ಕೆ ಎಣಿಸಿದವರು ಕೆಲವರು ಸೀಟು ಬಿಟ್ಟರು, ಕೆಲವರು ಬೇರೆ ಕಾಲೇಜು ಹುಡುಕಿದರು, ಕೆಲವರು ಧೈರ್ಯವಾಗಿ ಸಾಲ ತೆಗೆದು ತೀರಿಸಿದರು. ಮೂರೂ ಒಳ್ಳೆಯ ತೀರ್ಮಾನಗಳೇ.

ಲೆಕ್ಕ ಮಾಡೋಣ. ನೀವು ಫೈನಾನ್ಸ್ ಓದಲು ಹೊರಟವರು, ಲೆಕ್ಕಕ್ಕೆ ಬೇಸರಪಡುವ ಹಾಗಿಲ್ಲ. ಎರಡು ವರ್ಷದ ಕೋರ್ಸು, ಒಟ್ಟು 20 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡಾ 10.5 ಎಂದಿಟ್ಟುಕೊಳ್ಳಿ. ಮೊದಲ ವರ್ಷ 10 ಲಕ್ಷ, ಎರಡನೆಯ ವರ್ಷದ ಆರಂಭದಲ್ಲಿ ಇನ್ನು 10 ಲಕ್ಷ ಬಿಡುಗಡೆಯಾಗುತ್ತದೆ. ಓದುವ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನೇ ಮೊರಟೋರಿಯಂ ಎನ್ನುವುದು. ಕಂತು ಇಲ್ಲ ಎಂದ ಮಾತ್ರಕ್ಕೆ ಬಡ್ಡಿ ನಿಂತಿರುವುದಿಲ್ಲ. ಸರಳ ಬಡ್ಡಿಯ ಲೆಕ್ಕದಲ್ಲೇ ಮೊದಲ 10 ಲಕ್ಷಕ್ಕೆ ಮೂರು ವರ್ಷದಲ್ಲಿ 3.15 ಲಕ್ಷ, ಎರಡನೆಯ 10 ಲಕ್ಷಕ್ಕೆ ಎರಡು ವರ್ಷದಲ್ಲಿ 2.10 ಲಕ್ಷ ಸೇರಿ, ಮೊದಲ ಕಂತಿನ ದಿನ ನಿಮ್ಮ ತಲೆಯ ಮೇಲಿರುವುದು 25.25 ಲಕ್ಷ. ಅದನ್ನು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 34,070 ರೂಪಾಯಿ. ಒಟ್ಟು ಕಟ್ಟುವುದು 41 ಲಕ್ಷದ ಹತ್ತಿರ. ಕಂತು ಭಾರವಾಯಿತೆಂದು ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ ಸುಮಾರು 27,900 ರೂಪಾಯಿ, ಒಟ್ಟು 50 ಲಕ್ಷ ದಾಟುತ್ತದೆ. ಕಂತಿನಲ್ಲಿ ಉಳಿದದ್ದು ಆರು ಸಾವಿರ, ಒಟ್ಟಿನಲ್ಲಿ ಹೆಚ್ಚಾದದ್ದು ಒಂಬತ್ತು ಲಕ್ಷ.

ಓದುತ್ತಿರುವಾಗಲೇ ಮನೆಯವರು ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದರೆ ಚಿತ್ರ ಬದಲಾಗುತ್ತದೆ. ಮೊದಲ ವರ್ಷ ತಿಂಗಳಿಗೆ 8,750, ಆಮೇಲೆ ಕಂತು ಶುರುವಾಗುವವರೆಗೆ 17,500. ಆಗ ಹತ್ತು ವರ್ಷದ ಕಂತು 27,000ಕ್ಕೆ ಇಳಿಯುತ್ತದೆ. ಹೀಗೆ ಬಡ್ಡಿ ಕಟ್ಟುವವರಿಗೆ ಆ ಅವಧಿಗೆ ಶೇಕಡಾ 1ರಷ್ಟು ರಿಯಾಯಿತಿ ಕೊಡುವ ಅವಕಾಶ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿಯೇ ಇದೆ. ಕೇಳಿ ಪಡೆಯಬೇಕು. ಆದರೆ ಇಲ್ಲಿ ನಮ್ಮ ಊರಿನ ತೊಡಕೊಂದಿದೆ. ಅಡಿಕೆಯ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಕೊಯಿಲು ಮುಗಿದು, ಒಣಗಿಸಿ, ಸುಲಿದು, ದರ ನೋಡಿ ಕೊಟ್ಟಾಗ ಬರುವ ದುಡ್ಡು ಅದು. ಮಳೆಗಾಲ ಉದ್ದವಾಗಿ ಕೊಳೆರೋಗ ಬಂದ ವರ್ಷ, ಎಲೆಚುಕ್ಕಿ ಹಬ್ಬಿದ ವರ್ಷ, ಬಂದದ್ದು ಮದ್ದು ಬಿಡುವ ಕೂಲಿಗೂ ಸಾಲುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳೂ ಅದೇ ತಾರೀಕಿಗೆ ಬರುತ್ತದೆ. ತೊಂಬತ್ತು ದಿನ ಬಾಕಿ ಉಳಿದರೆ ಸಾಲ ಅನುತ್ಪಾದಕ ಖಾತೆಯಾಗುತ್ತದೆ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆದ್ದರಿಂದ ತೋಟದ ಆದಾಯದಿಂದ ಕಂತು ಕಟ್ಟುತ್ತೇವೆ ಎಂದು ಹೇಳುವ ಅಪ್ಪಂದಿರಿಗೆ ನನ್ನ ವಿನಂತಿ: ಒಂದು ವರ್ಷದ ಕಂತಿನಷ್ಟು ಹಣ ಠೇವಣಿಯಲ್ಲಿ ಇಲ್ಲದೆ ಆ ಮಾತು ಕೊಡಬೇಡಿ.

ಈಗ ಹಿಂದಕ್ಕೆ ಎಣಿಸೋಣ. ಓದು ಮುಗಿಸಿದವನಿಗೆ ಬೆಂಗಳೂರಿನಲ್ಲಿ ವರ್ಷಕ್ಕೆ 8 ಲಕ್ಷದ ಕೆಲಸ ಸಿಕ್ಕಿತು ಎನ್ನೋಣ. ಕಂಪನಿ ಹೇಳುವ ಆ ಅಂಕಿಯಲ್ಲಿ ಭವಿಷ್ಯನಿಧಿ ಇದೆ, ಗ್ರಾಚ್ಯುಟಿ ಇದೆ, ಸಿಕ್ಕರೂ ಸಿಗಬಹುದಾದ ಬೋನಸ್ ಇದೆ. ಕೈಗೆ ಬರುವುದು ತಿಂಗಳಿಗೆ 60,000ದ ಆಸುಪಾಸು. ಬಾಡಿಗೆ, ಊಟ, ಓಡಾಟ, ಮನೆಗೆ ಒಂದಿಷ್ಟು ಎಂದು ತೆಗೆದರೆ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಕಂತಿಗೆ ಇಡುವುದು ಕಷ್ಟ. ಅಂದರೆ 15,000. ಹತ್ತು ವರ್ಷದ ಅವಧಿಗೆ ಆ ಕಂತು ಹೊರಬಲ್ಲದ್ದು ಸುಮಾರು 11 ಲಕ್ಷವನ್ನು. ಮೊರಟೋರಿಯಂ ಬಡ್ಡಿಯನ್ನು ಅದರಿಂದ ಕಳೆದರೆ, ಆ ಹುಡುಗ ಆರಂಭದಲ್ಲಿ ಎತ್ತಬಹುದಾಗಿದ್ದ ಸಾಲ 8.8 ಲಕ್ಷ. 8 ಲಕ್ಷ ಸಂಬಳ, 8.8 ಲಕ್ಷ ಸಾಲ. ಬಡ್ಡಿಯ ದರ ಸ್ವಲ್ಪ ಹೆಚ್ಚುಕಡಿಮೆಯಾದರೂ ಉತ್ತರ ಇದರ ಸುತ್ತಲೇ ಇರುತ್ತದೆ. ಒಂದು ವರ್ಷದ ಸಂಬಳದಷ್ಟು ಸಾಲವನ್ನು ಒಬ್ಬ ಮನುಷ್ಯ ಮರ್ಯಾದೆಯಿಂದ ತೀರಿಸಬಹುದು. ಎರಡರಷ್ಟು ಎಂದರೆ ಉಸಿರು ಬಿಗಿ ಹಿಡಿದ ಹತ್ತು ವರ್ಷ. ಮೂರರಷ್ಟು ಸಾಲ ಮಾಡಿದವನ ಬೆನ್ನ ಹಿಂದೆ ಅವನ ಅಪ್ಪನೋ ಗಲ್ಫಿನಲ್ಲಿರುವ ಅಣ್ಣನೋ ನಿಂತಿರಲೇಬೇಕು.

ಗಲ್ಫಿನ ಅಣ್ಣನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಶಿಕ್ಷಣ ಸಾಲದ ಅರ್ಜಿಯಲ್ಲಿ ಅವನ ಹೆಸರು ಇರುವುದಿಲ್ಲ, ಕಂತು ಕಟ್ಟುವವನು ಅವನೇ ಆಗಿರುತ್ತಾನೆ. ತಮ್ಮ ಓದಲಿ ಎಂದು ಮನಸಾರೆ ಹೇಳುತ್ತಾನೆ. ಅವನಿಗೂ ಮದುವೆಯಿದೆ, ಮನೆ ಕಟ್ಟುವ ಆಸೆಯಿದೆ, ಅಲ್ಲಿನ ಕೆಲಸ ಯಾವಾಗ ಹೋಗುತ್ತದೋ ಎಂಬ ಅಳುಕಿದೆ. ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಲೆಕ್ಕವನ್ನೆಲ್ಲ ಅವನಿಗೂ ತೋರಿಸಿ. ಎಷ್ಟು, ಯಾವಾಗಿನಿಂದ, ಎಷ್ಟು ವರ್ಷ ಎಂದು ಅವನಿಗೆ ಗೊತ್ತಿರಬೇಕು. ಪ್ರೀತಿಯಿಂದ ಒಪ್ಪಿದ್ದಕ್ಕೂ ಮಿತಿ ಹೇಳಬೇಕಾದದ್ದು ತಮ್ಮನ ಕರ್ತವ್ಯ.

ಸಂಬಳದಿಂದ ಎಣಿಸಬೇಕಾದರೆ ಸಂಬಳ ಎಷ್ಟು ಎಂದು ತಿಳಿಯಬೇಕಲ್ಲ? ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಅತಿ ಹೆಚ್ಚು ಸಂಬಳ ದೊಡ್ಡ ಅಕ್ಷರದಲ್ಲಿರುತ್ತದೆ. ಅದು ಒಬ್ಬನ ಸಂಬಳ. ಸರಾಸರಿಯೂ ಮೋಸ ಮಾಡುತ್ತದೆ; ನಾಲ್ಕು ಜನರಿಗೆ ಭಾರೀ ಮೊತ್ತ ಸಿಕ್ಕರೆ ನಲವತ್ತು ಜನರ ಸರಾಸರಿ ಮೇಲೇರುತ್ತದೆ. ನೀವು ಕೇಳಬೇಕಾದದ್ದು ಮಧ್ಯದವನ ಸಂಬಳ, ಅಂದರೆ ತರಗತಿಯನ್ನು ಸಂಬಳದ ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಂತವನಿಗೆ ಎಷ್ಟು ಎಂದು. ಅದರ ಜೊತೆಗೆ, ತರಗತಿಯಲ್ಲಿ ಎಷ್ಟು ಮಂದಿಯನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದಾರೆ ಎಂದೂ ಕೇಳಿ. ಪ್ಲೇಸ್‌ಮೆಂಟ್ ವರದಿಯನ್ನು ಹೇಗೆ ಬರೆಯಬೇಕೆಂಬುದಕ್ಕೆ ಅಹಮದಾಬಾದಿನ ಐಐಎಂ ಮುಂದಾಳುತನದಲ್ಲಿ ರೂಪಿಸಿದ ಮಾನದಂಡವೊಂದಿದೆ. ಅದನ್ನು ಅನುಸರಿಸಿ, ಲೆಕ್ಕಪರಿಶೋಧನೆ ಮಾಡಿಸಿ ಪ್ರಕಟಿಸುವ ಸಂಸ್ಥೆಗಳ ಅಂಕಿಗಳನ್ನು ಹೆಚ್ಚು ನಂಬಬಹುದು. ವರದಿಯನ್ನೇ ಕೊಡದ ಸಂಸ್ಥೆಗೆ ಇಪ್ಪತ್ತು ಲಕ್ಷ ಕೊಡಲು ಹೊರಡುವುದು ನನಗಂತೂ ಅರ್ಥವಾಗುವುದಿಲ್ಲ. ಹಿಂದಿನ ವರ್ಷ ಅಲ್ಲಿಂದ ಹೊರಬಿದ್ದವರನ್ನು ಹುಡುಕಿ ಮಾತನಾಡಿ. ಕಾಲೇಜು ತೋರಿಸುವ ಹುಡುಗರನ್ನಲ್ಲ, ನೀವೇ ಹುಡುಕಿದವರನ್ನು.

ಫೈನಾನ್ಸ್ ಎನ್ನುವುದು ಒಂದು ಕೆಲಸದ ಹೆಸರೂ ಅಲ್ಲ. ಷೇರು ಸಂಶೋಧನೆ, ಹೂಡಿಕೆ ಬ್ಯಾಂಕಿಂಗ್, ಸಾಲದ ಮೌಲ್ಯಮಾಪನ, ಅಪಾಯ ನಿರ್ವಹಣೆ, ಕಂಪನಿಯ ಖಜಾನೆ, ವಿದೇಶಿ ಬ್ಯಾಂಕುಗಳು ಬೆಂಗಳೂರಿನಲ್ಲಿ ನಡೆಸುವ ದೊಡ್ಡ ದೊಡ್ಡ ಕಚೇರಿಗಳಲ್ಲಿನ ಲೆಕ್ಕ ಹೊಂದಾಣಿಕೆಯ ಕೆಲಸ, ಎಲ್ಲವೂ ಅದರೊಳಗೆ ಬರುತ್ತವೆ. ಇವುಗಳಲ್ಲಿ ಮೊದಲೆರಡಕ್ಕೆ ಕಂಪನಿಗಳು ಆಯ್ದ ಕೆಲವೇ ಸಂಸ್ಥೆಗಳ ಕ್ಯಾಂಪಸ್ಸಿಗೆ ಹೋಗುತ್ತವೆ. ಆ ಸಂಸ್ಥೆಯಲ್ಲಿ ಸೀಟು ಸಿಕ್ಕಿದ್ದರೆ ಸಾಲಕ್ಕೆ ಅರ್ಥವಿದೆ, ಏಕೆಂದರೆ ನೀವು ಕೊಳ್ಳುತ್ತಿರುವುದು ಪಾಠಕ್ಕಿಂತ ಹೆಚ್ಚಾಗಿ ಆ ಬಾಗಿಲನ್ನು. ಕೊನೆಯ ಕೆಲಸಕ್ಕೆ ಬಿ.ಕಾಂ. ಮುಗಿಸಿದವರನ್ನೂ ತೆಗೆದುಕೊಳ್ಳುತ್ತಾರೆ. ಇಪ್ಪತ್ತು ಲಕ್ಷ ಸುರಿದು ಅದೇ ಕುರ್ಚಿಗೆ ಹೋಗಿ ಕುಳಿತರೆ, ಪಕ್ಕದ ಕುರ್ಚಿಯಲ್ಲಿ ನಿಮ್ಮ ಬಿ.ಕಾಂ. ಸಹಪಾಠಿ ಎರಡು ವರ್ಷದ ಅನುಭವದೊಂದಿಗೆ ಕುಳಿತಿರುತ್ತಾನೆ. ಆ ಎರಡು ವರ್ಷ ತಿಂಗಳಿಗೆ 25,000ದಂತೆ ಅವನು ಗಳಿಸಿದ 6 ಲಕ್ಷವನ್ನೂ ನಿಮ್ಮ ಓದಿನ ಖರ್ಚಿಗೆ ಸೇರಿಸಿ ನೋಡಬೇಕು. ಬ್ಯಾಂಕಿನ ಕಾಗದದಲ್ಲಿ ಅದು ಕಾಣಿಸುವುದಿಲ್ಲ.

ಸಾಲವಿಲ್ಲದೆ, ಅಥವಾ ಸಣ್ಣ ಸಾಲದಲ್ಲಿ ಹೋಗಬಹುದಾದ ದಾರಿಗಳನ್ನು ನಮ್ಮವರು ಲಘುವಾಗಿ ನೋಡುತ್ತಾರೆ. ಪೆರಿಯದಲ್ಲಿ 2009ರಲ್ಲಿ ಆರಂಭವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಎಂ.ಕಾಂ. ಮತ್ತು ಎಂ.ಬಿ.ಎ. ಓದಬಹುದು. ದೇಶದ ಬೇರೆ ಬೇರೆ ರಾಜ್ಯಗಳಿಂದ ಮಕ್ಕಳು ಅಲ್ಲಿಗೆ ಬರುತ್ತಾರೆ, ಬದಿಯಡ್ಕದವರು ದಾಟಿಕೊಂಡು ದೂರಕ್ಕೆ ಹೋಗುತ್ತಾರೆ. ಗಡಿಯ ಆಚೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ. ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಕನ್ನಡ, ತುಳು, ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಅರ್ಹತಾ ಕಲಮು ಇದೆ. ಎಂ.ಬಿ.ಎ.ಗೆ ಪಿಜಿಸಿಇಟಿ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯುವವರು ಆ ವರ್ಷದ ಪ್ರಕಟಣೆಯಲ್ಲಿ ಈ ಭಾಗವನ್ನು ತಪ್ಪದೆ ಓದಬೇಕು. ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಇರುವ ಅಂತರ ಎಷ್ಟೆಂದು ನಿಮಗೇ ಗೊತ್ತು.

ಸಿ.ಎ. ಓದಿನ ಬಗ್ಗೆ ಹೇಳದಿದ್ದರೆ ಮಾತು ಪೂರ್ತಿಯಾಗದು. 2023ರ ಹೊಸ ಪದ್ಧತಿಯಲ್ಲಿ ಲೆಕ್ಕಪರಿಶೋಧಕರ ಕೈಕೆಳಗೆ ತರಬೇತಿ ಪಡೆಯುವ ಆರ್ಟಿಕಲ್‌ಶಿಪ್ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ, ಅಷ್ಟು ಕಾಲವೂ ಸಣ್ಣದಾದರೂ ಸ್ಟೈಪೆಂಡ್ ಬರುತ್ತದೆ. ಕಷ್ಟದ ಪರೀಕ್ಷೆ, ಅನೇಕರು ನಡುವೆ ನಿಲ್ಲುತ್ತಾರೆ, ನಿಜ. ಆದರೆ ಸೋತರೆ ಸಮಯ ಹೋಗುತ್ತದೆ, ಮನೆ ಹೋಗುವುದಿಲ್ಲ. ಹೂಡಿಕೆಯ ವಿಶ್ಲೇಷಣೆಯಲ್ಲಿ ಆಸಕ್ತಿಯಿದ್ದವರಿಗೆ ಮೂರು ಹಂತದ ಸಿಎಫ್ಎ, ಅಪಾಯ ನಿರ್ವಹಣೆಗೆ ಎರಡು ಭಾಗದ ಎಫ್ಆರ್‌ಎಂ ಇವೆ. ಕೆಲಸ ಮಾಡುತ್ತಲೇ ಬರೆಯಬಹುದು. ಡಾಲರಿನಲ್ಲಿ ಶುಲ್ಕ ಕಟ್ಟಬೇಕಾದ್ದರಿಂದ ಅಗ್ಗವೇನಲ್ಲ, ಆದರೂ ವಿದೇಶದ ಮಾಸ್ಟರ್ಸ್ ಮುಂದೆ ಅದು ಚಿಲ್ಲರೆ. ಬ್ಯಾಂಕು ನೇಮಕಾತಿಯ ಐಬಿಪಿಎಸ್ ಪರೀಕ್ಷೆ ಬರೆದು ಬ್ಯಾಂಕು ಸೇರಿ, ಅಲ್ಲಿಂದ ಬ್ಯಾಂಕು ನೌಕರರ ಪರೀಕ್ಷೆಗಳಾದ ಜೆಎಐಐಬಿ, ಸಿಎಐಐಬಿ ಮುಗಿಸಿ, ಆಮೇಲೆ ರಜೆ ಹಾಕಿ ಮಾಸ್ಟರ್ಸ್ ಮಾಡಿದವರನ್ನು ನಾನು ಬಲ್ಲೆ. ಎರಡು ವರ್ಷ ದುಡಿದು ಓದಲು ಹೋದವರಿಗೆ ತರಗತಿಯಲ್ಲಿ ಏನು ಕೇಳಬೇಕೆಂದು ಗೊತ್ತಿರುತ್ತದೆ. ಕಂಪನಿಗಳೂ ಅವರನ್ನು ಬೇರೆ ಕಣ್ಣಿನಿಂದ ನೋಡುತ್ತವೆ.

ಹಣಕಾಸು ವಿದ್ಯೆ ಈ ಕರಾವಳಿಗೆ ಹೊರಗಿನಿಂದ ಬಂದದ್ದಲ್ಲ ಎಂಬುದನ್ನೂ ಮರೆಯಬೇಡಿ. 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳೇ 1906ರಲ್ಲಿ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಶಾಲೆ ಮತ್ತು ಬ್ಯಾಂಕು ಎರಡೂ ಒಬ್ಬರ ಕೈಯಿಂದ ಬಂದವು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ದಿನಕ್ಕೆ ಎರಡಾಣೆಯಂತೆ ಮನೆ ಮನೆಗೆ ಬಂದು ಕೂಡಿಹಾಕಿದ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾದದ್ದು ಇಲ್ಲಿಯೇ. ಎರಡಾಣೆಯನ್ನು ಎಣಿಸಿ ಇಟ್ಟವರ ಮೊಮ್ಮಕ್ಕಳು ಇಪ್ಪತ್ತು ಲಕ್ಷವನ್ನು ಎಣಿಸದೆ ಎತ್ತಬಾರದು.

ಇನ್ನು ಅಡವಿನ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹೆತ್ತವರು ಗಮನವಿಟ್ಟು ಕೇಳಬೇಕು. ಮಾದರಿ ಯೋಜನೆಯ ಪ್ರಕಾರ 4 ಲಕ್ಷದವರೆಗಿನ ಸಾಲಕ್ಕೆ ತಂದೆಯೋ ತಾಯಿಯೋ ಸಹ ಸಾಲಗಾರರಾದರೆ ಸಾಕು. 7.5 ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿಯ ವ್ಯವಸ್ಥೆಯಿದೆ, ಆಸ್ತಿ ಅಡವು ಕೇಳುವಂತಿಲ್ಲ. ಅದರ ಮೇಲೆ ಹೋದರೆ ಸಾಮಾನ್ಯವಾಗಿ ಆಸ್ತಿ ಬೇಕು. ನಮ್ಮಲ್ಲಿ ಆಸ್ತಿಯೆಂದರೆ ತೋಟ. ಎರಡೆಕರೆ ಅಡಿಕೆ ತೋಟವಿದೆ, ಅದನ್ನು ಇಟ್ಟುಕೊಳ್ಳಿ ಎಂದು ಹೋದರೆ ಬ್ಯಾಂಕಿನವರು ಮುಖ ಸಪ್ಪೆ ಮಾಡುತ್ತಾರೆ. ಕಾರಣವಿದೆ. ಕೋರ್ಟಿಗೆ ಹೋಗದೆ ಅಡವಿನ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯವಾಗುವುದಿಲ್ಲ. ಹಾಗಾಗಿ ಅವರಿಗೆ ತೋಟಕ್ಕಿಂತ ಮನೆ ಇಷ್ಟ. ಅಂದರೆ ಮಗನ ಓದಿಗೆ ಕೊನೆಗೆ ಪಣಕ್ಕೆ ಬೀಳುವುದು ನೀವು ವಾಸವಿರುವ ಮನೆ. ಆಸ್ತಿ ಅಡವಿಲ್ಲದ ಸಾಲ ಎಂದರೆ ನಿರಾಳ ಎಂದೂ ಇಲ್ಲ. 1968ರ ಕೇರಳ ಕಂದಾಯ ವಸೂಲಾತಿ ಕಾಯ್ದೆಯ ದಾರಿಯಲ್ಲಿ ಗ್ರಾಮ ಕಚೇರಿಯಿಂದ ಜಪ್ತಿ ನೋಟಿಸು ಬರಬಹುದು. ಸಹ ಸಾಲಗಾರ ಎಂದರೆ ಹೆಸರಿಗೆ ಹಾಕಿದ ಸಹಿಯಲ್ಲ, ಪೂರ್ತಿ ಸಾಲಕ್ಕೆ ಹೊಣೆ.

ದಾಖಲೆಗಳ ತಾಪತ್ರಯವೂ ಉಂಟು. ಅಜ್ಜನ ಹೆಸರಿನಲ್ಲಿ ಉಳಿದಿರುವ ಜಾಗ, ಬಾಯಿಮಾತಿನಲ್ಲಿ ಆದ ಪಾಲು, ಮಲಯಾಳದಲ್ಲಿರುವ ಆಸ್ತಿಯ ಆಧಾರ ಪತ್ರವನ್ನು ಓದಲಾರದ ಅಪ್ಪ, ಇದು ನಮ್ಮ ಗಡಿನಾಡಿನ ಮನೆಮನೆಯ ಕಥೆ. ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ. ಸಾಲದ ಒಪ್ಪಂದದಲ್ಲಿ ಬಡ್ಡಿ ಬದಲಾಗುವ ರೀತಿ, ಮೊರಟೋರಿಯಂನಲ್ಲಿ ಸರಳ ಬಡ್ಡಿಯೋ ಚಕ್ರಬಡ್ಡಿಯೋ, ಸಾಲಕ್ಕೆ ಜೋಡಿಸಿದ ವಿಮೆಯ ಕಂತು ಎಷ್ಟು, ಈ ಮೂರನ್ನು ಕನ್ನಡದಲ್ಲಿ ವಿವರಿಸಿ ಹೇಳುವಂತೆ ಮ್ಯಾನೇಜರರನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಬ್ಯಾಂಕೇತರ ಸಂಸ್ಥೆಗಳು ಮನೆ ಕೇಳದೆ, ಬೇಗ ಸಾಲ ಕೊಡುತ್ತವೆ. ಬಡ್ಡಿ ಹೆಚ್ಚಿರುತ್ತದೆ, ಓದುವಾಗಲೇ ಬಡ್ಡಿ ಕಟ್ಟಬೇಕಾದ ಷರತ್ತೂ ಇರಬಹುದು. ಬದಲಾಗುವ ಬಡ್ಡಿಯ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದೂ ನಿಮಗೆ ತಿಳಿದಿರಲಿ.

ಸರ್ಕಾರದ ನೆರವು ಇದೆ, ಬಳಸಿಕೊಳ್ಳದವರೇ ಹೆಚ್ಚು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಅಡವೂ ಬೇಡ, ಜಾಮೀನೂ ಬೇಡ. ಆರಂಭದ ಪಟ್ಟಿಯಲ್ಲಿ 860 ಸಂಸ್ಥೆಗಳಿದ್ದವು. ಕೇಂದ್ರ ಸರ್ಕಾರದ ಸಂಸ್ಥೆಗಳೆಲ್ಲ ಅದರ ವ್ಯಾಪ್ತಿಯಲ್ಲಿವೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇಕಡಾ 3ರಷ್ಟು ಬಡ್ಡಿ ಸಹಾಯಧನ ಸಿಗಬಹುದು. ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳು ಎಂಬ ಮಿತಿಯಿದೆ. ಆದಾಯ 4.5 ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುವವರಿಗೆ ಆ ಅವಧಿಯ ಬಡ್ಡಿಯನ್ನು ಪೂರ್ತಿಯಾಗಿ ಭರಿಸುವ ವ್ಯವಸ್ಥೆಯೂ ಇದೆ. ನಿಮ್ಮ ಕೋರ್ಸು ಆ ವರ್ಗಕ್ಕೆ ಸೇರುತ್ತದೆಯೇ ಎಂದು ಪ್ರವೇಶಕ್ಕೆ ಮೊದಲೇ ಬ್ಯಾಂಕಿನಿಂದ ಲಿಖಿತವಾಗಿ ತಿಳಿದುಕೊಳ್ಳಿ. ಸಂಬಳ ಬಂದ ಮೇಲೆ ಕಟ್ಟುವ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷ ವಿನಾಯಿತಿ ಇತ್ತಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ಅದು ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ಹೊಸ ಪದ್ಧತಿ ಆರಿಸಿಕೊಂಡರೆ ಇಲ್ಲ.

ವಿದೇಶದ ಮಾತಿಗೆ ಬರುತ್ತೇನೆ. ಒಂದು ವರ್ಷದ ಬ್ರಿಟನ್ ಮಾಸ್ಟರ್ಸ್ ಮೇಲೆ ನಮ್ಮ ಮಕ್ಕಳಿಗೆ ಬಹಳ ಒಲವು. ಪೌಂಡಿಗೆ 110 ರೂಪಾಯಿ ಎಂದು ಹಿಡಿದರೂ 25,000 ಪೌಂಡಿನ ಶುಲ್ಕವೇ 27.5 ಲಕ್ಷ. ಇರುವ ಖರ್ಚು ಬೇರೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಅಲ್ಲಿ ಇದ್ದ ಎರಡು ವರ್ಷದ ಅವಕಾಶವನ್ನು 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಿಗೆ ಇಳಿಸಿದ್ದಾರೆ. ಆಮೇಲೆ ಅಲ್ಲಿಯೇ ಕೆಲಸದಲ್ಲಿ ಉಳಿಯಲು ಬೇಕಾದ ಕೌಶಲ ವೀಸಾಕ್ಕೆ ಇರಬೇಕಾದ ಸಾಮಾನ್ಯ ಸಂಬಳದ ಮಿತಿ 2025ರ ಜುಲೈಯಲ್ಲಿ 41,700 ಪೌಂಡಿಗೆ ಏರಿತು. ಹೊಸಬರಿಗೆ ಕೆಲವು ರಿಯಾಯಿತಿಗಳಿದ್ದರೂ, ವೀಸಾದ ಜವಾಬ್ದಾರಿ ಹೊರಲು ಒಪ್ಪುವ ಕಂಪನಿ ಸಿಗುವುದೇ ದೊಡ್ಡ ತಡೆ. ಅಮೆರಿಕದಲ್ಲಿ ಅನೇಕ ಫೈನಾನ್ಸ್ ಕೋರ್ಸುಗಳಿಗೆ ತಾಂತ್ರಿಕ ವರ್ಗದ ಮಾನ್ಯತೆ ಇರುವುದರಿಂದ ಒಟ್ಟು ಮೂರು ವರ್ಷ ಕೆಲಸ ಮಾಡುವ ಅವಕಾಶವಿದೆ. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ, ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ 1 ಲಕ್ಷ ಡಾಲರ್ ಶುಲ್ಕದ ಗೊಂದಲ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ವರ್ಷದ ಖರ್ಚಿಗೆ 11,904 ಯೂರೋ ಮೊದಲೇ ಖಾತೆಯಲ್ಲಿಟ್ಟು ತೋರಿಸಬೇಕು, ಗಣಿತ ಮತ್ತು ಅರ್ಥಶಾಸ್ತ್ರದ ತಳಪಾಯ ಗಟ್ಟಿಯಿರಬೇಕು, ಕೆಲಸಕ್ಕೆ ಜರ್ಮನ್ ಭಾಷೆ ಬೇಕು.

ನಾನು ಹೋಗಬೇಡಿ ಎನ್ನುತ್ತಿಲ್ಲ. ಮೇಲೆ ಹೇಳಿದ ಲೆಕ್ಕವನ್ನು ಎರಡು ಸಲ ಮಾಡಿ ಎನ್ನುತ್ತೇನೆ. ಅಲ್ಲಿ ಕೆಲಸ ಸಿಕ್ಕಿದರೆ ಒಂದು, ಸಿಗದೆ ಬೆಂಗಳೂರಿಗೋ ಕೊಚ್ಚಿಗೋ ಮರಳಿ ಬಂದು ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಬೇಕಾದರೆ ಇನ್ನೊಂದು. ಎರಡನೆಯ ಲೆಕ್ಕದಲ್ಲಿ ಮನೆ ಉಳಿಯುವುದಾದರೆ ಹೋಗಿ. ವಿಶ್ವವಿದ್ಯಾಲಯದವರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆಯೊಂದಿದೆ: ನಿಮ್ಮಲ್ಲಿ ಓದಿದ, ವೀಸಾ ಬೇಕಾಗಿದ್ದ ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಅದೇ ದೇಶದಲ್ಲಿ ಫೈನಾನ್ಸ್ ಕೆಲಸ ಸಿಕ್ಕಿತು? ಅಲ್ಲಿಯ ನಾಗರಿಕರನ್ನೂ ಸೇರಿಸಿ ಹೇಳುವ ಶೇಕಡಾವಾರು ನಿಮ್ಮ ಪ್ರಯೋಜನಕ್ಕಿಲ್ಲ. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಉಚಿತವಾಗಿ ಸಲಹೆ ಕೊಡುವ ಏಜೆನ್ಸಿಗಳಿಗೆ ಎಷ್ಟೋ ವಿಶ್ವವಿದ್ಯಾಲಯಗಳು ನೀವು ಸೇರಿದ ಮೇಲೆ ಕಮಿಷನ್ ಕೊಡುತ್ತವೆ. ಅವರು ಅರ್ಜಿ ತುಂಬಲು ಸಹಾಯ ಮಾಡಲಿ. ಸಾಲ ಮಾಡಬೇಕೇ ಎಂಬ ಪ್ರಶ್ನೆಯನ್ನು ಅವರ ಮುಂದೆ ಇಡಬೇಡಿ. ಖಾತೆಯಲ್ಲಿ ತೋರಿಸಲು ನಾಲ್ಕು ದಿನಕ್ಕೆ ಹಣ ಹಾಕಿಸಿಕೊಡುತ್ತೇವೆ ಎನ್ನುವವರಿದ್ದರೆ ಎದ್ದು ಬನ್ನಿ. ಸಿಕ್ಕಿಬಿದ್ದರೆ ವೀಸಾ ನಿರಾಕರಣೆ ನಿಮ್ಮ ಹೆಸರಿಗೆ ಅಂಟುತ್ತದೆ, ಅವರ ಹೆಸರಿಗಲ್ಲ.

ಬಾಯಾರು, ಎಣ್ಮಕಜೆ ಕಡೆಯವರು ಇಲ್ಲಿದ್ದೀರಿ. ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದ ಮನೆತನದವರು. ಸುರಂಗ ತೋಡುವವನು ಮೊದಲು ಗುಡ್ಡದ ಮೇಲಿನ ಮರಗಿಡ ನೋಡುತ್ತಾನೆ, ಮಣ್ಣು ಮುಟ್ಟಿ ನೋಡುತ್ತಾನೆ, ಇಷ್ಟು ಕೋಲು ಹೋದರೂ ಒರತೆ ಕಾಣದಿದ್ದರೆ ನಿಲ್ಲಿಸುವುದು ಎಂದು ಮನೆಯವರೊಡನೆ ಮಾತನಾಡಿಕೊಳ್ಳುತ್ತಾನೆ. ಸಾಲಕ್ಕೂ ಅಂಥ ನಿಲ್ಲಿಸುವ ಗುರುತು ಬೇಕು. ಮಂಜೂರಾದ ಸಾಲವನ್ನೆಲ್ಲ ಎತ್ತಲೇಬೇಕೆಂದಿಲ್ಲ, ಅದು ಕಂತು ಕಂತಾಗಿ ಬಿಡುಗಡೆಯಾಗುತ್ತದೆ. ಮೊದಲ ವರ್ಷದ ಕೊನೆಯಲ್ಲಿ ಇಂಟರ್ನ್‌ಶಿಪ್ ಸಿಗಲಿಲ್ಲ, ಹಿರಿಯ ತರಗತಿಯ ಅರ್ಧದಷ್ಟು ಮಂದಿಗೆ ಕೆಲಸವಾಗಲಿಲ್ಲ ಎಂದು ಕಂಡರೆ ಎರಡನೆಯ ವರ್ಷದ 10 ಲಕ್ಷದ ಬಗ್ಗೆ ಮತ್ತೆ ಯೋಚಿಸುವ ಹಕ್ಕು ನಿಮಗಿದೆ. ಹತ್ತಕ್ಕೆ ನಿಲ್ಲಿಸಿ, ಕೆಲಸಕ್ಕೆ ಸೇರಿ, ಸಿಎಫ್ಎ ಮಾಡಿದರೆ ಅದು ಸೋಲಲ್ಲ. ಊರವರು ಏನೆನ್ನುತ್ತಾರೋ ಎಂಬ ಹೆದರಿಕೆಗೆ 10 ಲಕ್ಷದ ಬೆಲೆ ಕೊಡಬೇಡಿ.

ಉಪನ್ಯಾಸದ ನಂತರ ಕೆಲವು ಪ್ರಶ್ನೆಗಳು ಬಂದವು. ಮುಳ್ಳೇರಿಯ ಕಡೆಯ ತಾಯಿಯೊಬ್ಬರ ಪ್ರಶ್ನೆಯನ್ನು ಇಲ್ಲಿ ಬರೆಯಲೇಬೇಕು. "ಮಗನನ್ನು ಲಂಡನ್ನಿಗೆ ಕಳುಹಿಸುವುದಕ್ಕೆ ಮನೆ ಅಡವಿಡುವ ಮಾತು ನಡೆದಿದೆ. ಮಗಳಿಗೂ ಫೈನಾನ್ಸ್ ಓದಬೇಕೆಂದಿದೆ. ಅವಳ ಹೆಸರಿನಲ್ಲಿ ಸಾಲ ಮಾಡಿದರೆ ಮದುವೆಯ ಮಾತಿಗೆ ಬಂದವರು ಹಿಂದೆ ಸರಿಯುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?"

ನಾನು ಅವರಿಗೆ ಹೇಳಿದ್ದು ಇದು. ಅಮ್ಮ, ಒಂದೇ ಮನೆಯನ್ನು ಎರಡು ಸಲ ಅಡವಿಡುವುದು ಸುಲಭವಲ್ಲ. ಮಗನಿಗಾಗಿ ಇಟ್ಟ ದಿನವೇ ಮಗಳ ಸರದಿಯ ತೀರ್ಮಾನವೂ ಹೆಚ್ಚುಕಡಿಮೆ ಆಗಿಹೋಗುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಆದ್ದರಿಂದ ಇಬ್ಬರನ್ನೂ ಕೂರಿಸಿಕೊಂಡು ಇಬ್ಬರ ಲೆಕ್ಕವನ್ನೂ ಒಟ್ಟಿಗೆ ಮಾಡಿ. ಮಗಳಿಗೆ ಪೆರಿಯದಲ್ಲೋ ಪಟ್ಟಿಯಲ್ಲಿರುವ ಬೇರೆ ಒಳ್ಳೆಯ ಸಂಸ್ಥೆಯಲ್ಲೋ ಸೀಟು ಸಿಕ್ಕರೆ ಅಡವಿಲ್ಲದ ಸಾಲ ಅವಳ ಹೆಸರಿನಲ್ಲಿಯೇ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಅರ್ಧ ಶೇಕಡಾದಷ್ಟು ಬಡ್ಡಿ ಕಡಿಮೆ ಮಾಡುವ ಬ್ಯಾಂಕುಗಳೂ ಇವೆ. ಅವಳ ಸಂಬಳದಿಂದ ತೀರುವ ಸಾಲ ಅದು. ಮದುವೆಯ ಮಾತಿಗೆ ಬಂದವರ ಮುಂದೆ ಸಾಲ ಎಷ್ಟಿದೆ, ಸಂಬಳ ಎಷ್ಟಿದೆ, ಯಾವ ವರ್ಷ ತೀರುತ್ತದೆ ಎಂದು ಅವಳೇ ಹೇಳಲಿ. ಕೇಳಿ ಎದ್ದು ಹೋಗುವವರು ಹೋಗಲಿ. ಮಗನ ವಿಚಾರಕ್ಕೆ, ಅವನು ಮರಳಿ ಬಂದು ಇಲ್ಲಿನ ಸಂಬಳದಲ್ಲಿ ಕಟ್ಟಬೇಕಾದ ಕಂತು ಎಷ್ಟೆಂದು ಅವನ ಕೈಯಲ್ಲೇ ಬರೆಸಿ. ಅವನು ಬರೆದ ಅಂಕಿ ನೋಡಿದ ಮೇಲೆ ಮನೆಯ ಆಧಾರ ಪತ್ರವನ್ನು ಕಪಾಟಿನಿಂದ ತೆಗೆಯಬೇಕೋ ಬೇಡವೋ ಎಂದು ನೀವೂ ಅವನ ತಂದೆಯೂ ನಿರ್ಧರಿಸಿ.